ನಾವು ಊರು ಉದ್ಧಾರ ಮಾಡಿದ್ದು

ಊರು ಉದ್ಧಾರ ಮಾಡುವ ಕೆಲಸದಲ್ಲಿರುವವನು ನಗುವುದಕ್ಕೆ ನಾಟಕಕ್ಕೆ ಹೋಗಬೇಕಾಗಿಲ್ಲ. ಹತ್ತೂವರೆಗೆ ಸರಿಯಾಗಿ ಆಫೀಸಿಗೆ ಹೋದರೆ ಸಾಕು. ನಾನು ಓವರ್‌ಸಿಯರ್ ಆಗಿದ್ದೆ. ಎಪ್ಪತ್ತರ ದಶಕದ ಮೊದಲಲ್ಲಿ ಟೇಪು ಹಿಡಿದವನು ಎಂಬತ್ತರ ದಶಕ ಮುಗಿಯುವ ತನಕ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಮುತ್ತಲೇ ಗಿರಕಿ ಹೊಡೆದೆ. ರಸ್ತೆ ಅಳೆದೆ, ಚರಂಡಿ ಅಳೆದೆ, ದೊಡ್ಡ ಮನುಷ್ಯರ ಬುದ್ಧಿಯನ್ನೂ ಅಳೆದೆ. ಚರಂಡಿಯೇ ಎಷ್ಟೋ ಆಳವಾಗಿತ್ತು.

ಯಾವುದು ಯಾವ ಊರಲ್ಲಿ ನಡೆಯಿತು ಅಂತ ಮಾತ್ರ ಹೇಳುವುದಿಲ್ಲ. ಕಡೂರಿನವರು ಇದು ತರೀಕೆರೆಯದ್ದು ಅಂದುಕೊಂಡು ನಗಲಿ, ತರೀಕೆರೆಯವರು ಕಡೂರಿನದ್ದು ಅಂದುಕೊಂಡು ನಗಲಿ. ಅಜ್ಜಂಪುರದವರು ಇಬ್ಬರನ್ನೂ ನೋಡಿ ನಗಲಿ. ಅವರಿನ್ನೂ ಆಗ ತಾಲ್ಲೂಕಾಗಿರಲಿಲ್ಲ, ನಗುವುದಕ್ಕೆ ಪುರಸೊತ್ತಿತ್ತು.

೧. ನೀರಿಗೆ ಒಂದು ಠರಾವು

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿಗೊಂದು ನೀರಿನ ಟ್ಯಾಂಕು ಮಂಜೂರಾಯಿತು. ಊರು ಇಳಿಜಾರಿನಲ್ಲಿತ್ತು. ಮೇಲುಗಡೆ ಒಂದು ದಿಬ್ಬ, ದಿಬ್ಬಕ್ಕೆ ಅಂಟಿಕೊಂಡು ಮೇಲಿನ ಬೀದಿ, ತಗ್ಗಿನಲ್ಲಿ ಪೇಟೆ. ಟ್ಯಾಂಕು ದಿಬ್ಬದ ಮೇಲಿರಬೇಕು ಎಂದು ಹೇಳುವುದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿರಲಿಲ್ಲ, ಒಂದು ಸಲ ಚೊಂಬು ಬಗ್ಗಿಸಿದ್ದರೆ ಸಾಕಿತ್ತು.

ಆದರೆ ಪುರಸಭೆಯ ಪ್ರೆಸಿಡೆಂಟರು ಉದಾರಿಗಳು. "ನಮ್ಮಪ್ಪನ ಹೆಸರು ಬರೆಸೋದಾದ್ರೆ ನಮ್ಮ ಕಣದಲ್ಲೇ ಜಾಗ ಬಿಡ್ತೀನಿ" ಅಂದರು. ಕಣ ಇದ್ದದ್ದು ಪೇಟೆಗಿಂತಲೂ ತಗ್ಗಿನಲ್ಲಿ. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಪಾಯ ತೆಗೆಯುವ ದಿನ ಒಬ್ಬ ಮುದುಕ ಮೇಸ್ತ್ರಿ ತಲೆ ಕೆರೆದುಕೊಂಡ. ಲಕ್ಕವಳ್ಳಿ ಡ್ಯಾಮ್ ಕಟ್ಟುವಾಗ ಕಲ್ಲು ಹೊತ್ತು ಕೆಲಸ ಕಲಿತವನು ಅವನು. "ಬುದ್ಧೀ, ನಾನು ದೊಡ್ಡ ದೊಡ್ಡ ನೀರು ನೋಡಿದೀನಿ. ಆ ಭದ್ರೆನೇ ದಿಬ್ಬ ಹತ್ತಲಿಲ್ಲ. ಈ ಟ್ಯಾಂಕಿನ ನೀರು ಹತ್ತುತ್ತಾ?" ಎಂದು ಕೇಳಿದ.

"ನೀನು ಗಾರೆ ಕಲಸೋ" ಅಂದರು ಪ್ರೆಸಿಡೆಂಟರು. ಅವನು ಕಲಸಿದ.

ಟ್ಯಾಂಕು ಎದ್ದಿತು. ಅಷ್ಟೆತ್ತರದ ಕಂಬಗಳ ಮೇಲೆ ನಿಂತರೂ ಅದರ ತಲೆ ಮೇಲಿನ ಬೀದಿಯ ಹೊಸಿಲಿನ ಮಟ್ಟಕ್ಕೆ ಬರಲಿಲ್ಲ. ಪ್ರೆಸಿಡೆಂಟರ ತಂದೆಯ ಹೆಸರು ಮಾತ್ರ ರೈಲಿನಲ್ಲಿ ಹೋಗುವವರಿಗೂ ಕಾಣುವ ಹಾಗೆ ಬರೆಸಿದ್ದಾಯಿತು. ಉದ್ಘಾಟನೆಯ ದಿನ ಪೇಟೆಯ ನಲ್ಲಿಯಲ್ಲಿ ನೀರು ಧೋ ಎಂದು ಬಂತು. ಮೇಲಿನ ಬೀದಿಯ ನಲ್ಲಿ ಎರಡು ಸಲ ಕೆಮ್ಮಿ, ಒಂದು ಸಲ ಸಿಳ್ಳೆ ಹೊಡೆದು ಸುಮ್ಮನಾಯಿತು.

ಮೂರನೇ ದಿನ ಮೇಲಿನ ಬೀದಿಯ ಹೆಂಗಸರು ಖಾಲಿ ಕೊಡ ಹೊತ್ತು ಆಫೀಸಿಗೇ ಬಂದರು. "ಉಸಿರು ಬಿಡೋಕೆ ನಿಮ್ಮ ನಲ್ಲಿ ಬೇಕಾಗಿತ್ತಾ? ನಮ್ಮ ಗಂಡಂದಿರು ಸಾಲದಾ?" ಅಂದಳು ಮುಂದೆ ನಿಂತವಳು. ಪ್ರೆಸಿಡೆಂಟರು ಆವತ್ತೇ ತುರ್ತು ಸಭೆ ಕರೆದರು. ಗಂಟೆಗಟ್ಟಲೆ ಚರ್ಚೆಯಾಗಿ ಒಂದು ಠರಾವು ಪಾಸಾಯಿತು. ಅದನ್ನು ನಾನೇ ಕಣ್ಣಾರೆ ಓದಿದ್ದೇನೆ: "ಟ್ಯಾಂಕಿನ ನೀರು ಇನ್ನು ಮುಂದೆ ಮೇಲಿನ ಬೀದಿಗೂ ಹರಿಯತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ವಿರೋಧ ಪಕ್ಷದವರು ಸುಮ್ಮನಿರುತ್ತಾರೆಯೇ? ಅವರೂ ಒಂದು ತಿದ್ದುಪಡಿ ತಂದರು: "ಬೆಳಗ್ಗೆ ಆರು ಗಂಟೆಗೆ."

ಹದಿನೈದು ದಿನ ಬಿಟ್ಟು ಚೀಫ್ ಆಫೀಸರ್ ನನ್ನನ್ನು ಕರೆದರು. "ಏನ್ರೀ, ಠರಾವಾಗಿ ಇಷ್ಟು ದಿನ ಆಯ್ತು. ನೀರು ಯಾಕಿನ್ನೂ ಹತ್ತಿಲ್ಲ?"

"ಸಾರ್, ಟ್ಯಾಂಕು ಕೆಳಗಿದೆ, ಬೀದಿ ಮೇಲಿದೆ."

"ಅದು ನನಗೂ ಗೊತ್ತು. ಠರಾವು ಜಾರಿ ಮಾಡೋಕೆ ನೀವೇನು ಕ್ರಮ ತಗೊಂಡ್ರಿ? ಬರವಣಿಗೇಲಿ ಕೊಡಿ."

ನಾನು ವಯಸ್ಸಿನಲ್ಲಿ ಚಿಕ್ಕವನು, ಸೊಕ್ಕು ಇನ್ನೂ ಇಳಿದಿರಲಿಲ್ಲ. ಬರೆದೆ: "ಠರಾವಿನ ನಕಲನ್ನು ಟ್ಯಾಂಕಿನ ಮೇಲೆ ಅಂಟಿಸಲಾಗಿದೆ. ನೀರು ಇನ್ನೂ ಓದಿಕೊಂಡಂತೆ ಕಾಣುವುದಿಲ್ಲ."

ಕೆಲಸ ಹೋಯಿತು ಅಂದುಕೊಂಡೆ. ಮಾರನೇ ದಿನ ಫೈಲು ವಾಪಸ್ಸು ಬಂತು. ಚೀಫ್ ಆಫೀಸರರು ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದರು: "ಇನ್ನೊಂದು ತಿಂಗಳು ಸಮಯ ಕೊಟ್ಟು ನೋಡಿ."

೨. ಕಳೆದುಹೋದದ್ದು

ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಬರುವ ಒಂದು ತುಂಡು ರಸ್ತೆ. ನಾವು ಡಾಂಬರು ಹಾಕಿದೆವು. ಹಾಕಿದ ಬಿಸಿ ಆರುವ ಮೊದಲೇ ನೀರಿನ ಪೈಪಿನವರು ಬಂದು ಅಗೆದರು. ಅವರು ಮುಚ್ಚಿದ ಮೇಲೆ ಟೆಲಿಫೋನಿನವರು ಬಂದು ಅಗೆದರು. ಅವರು ಮುಚ್ಚದೇ ಹೋದರು. ಅದನ್ನು ಮುಚ್ಚೋಣ ಅಂತ ಹೋದ ನಮಗೆ ಚರಂಡಿ ಮಾಡುವುದು ಮರೆತಿರುವುದು ನೆನಪಾಯಿತು. ನಾವೂ ಅಗೆದೆವು. ಹೀಗೆ ಎರಡು ವರ್ಷ.

ಶಿವನಿಯ ಒಬ್ಬ ರೈತ ವಾರಕ್ಕೊಂದು ಸಲ ರೈಲಿಳಿದು ಆ ದಾರಿಯಲ್ಲೇ ಸಂತೆಗೆ ಹೋಗುತ್ತಿದ್ದ. ಒಳ್ಳೆಯ ಮನುಷ್ಯ, ಯಾರ ಗೊಡವೆಗೂ ಹೋಗುವವನಲ್ಲ. ಒಂದು ದಿನ ನನ್ನ ಹತ್ತಿರ ಬಂದು, ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ ಕೇಳಿದ:

"ತಪ್ಪು ತಿಳ್ಕೋಬ್ಯಾಡಿ ಸ್ವಾಮಿ. ಎಲ್ಡು ವರ್ಸದಿಂದ ನೋಡ್ತಾ ಇವ್ನಿ, ಒಬ್ರಾದ ಮ್ಯಾಲೆ ಒಬ್ರು ಹುಡುಕ್ತಾನೇ ಇದೀರಿ. ಏನು ಕಳ್ಕೊಂಡಿದೀರಿ?"

೩. ಹಸಿರು ಬಳಿದ ಮನೆ

ಬೆಂಗಳೂರಿನಿಂದ ಒಬ್ಬ ಆಫೀಸರು ಬಂದರು. ನಮ್ಮ ಊರು ಮುಂದೆ ಹೇಗೆ ಬೆಳೆಯಬೇಕು ಎಂದು ನಕ್ಷೆ ಬರೆಯುವವರಂತೆ. ಎರಡು ದಿನ ಟ್ರಾವೆಲರ್ಸ್ ಬಂಗಲೆಯಲ್ಲಿದ್ದರು. ಜೀಪಿನಿಂದ ಒಂದೇ ಒಂದು ಸಲ ಇಳಿದರು, ಅದೂ ಎಳನೀರು ಕುಡಿಯುವುದಕ್ಕೆ. ಊರಿನ ಹಳೇ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಬಣ್ಣದ ಪೆನ್ಸಿಲಿನಲ್ಲಿ ತುಂಬಿಸತೊಡಗಿದರು. ಅಂಗಡಿ ಬೀದಿಗೆ ನೀಲಿ, ಮನೆಗಳಿಗೆ ಹಳದಿ. ಆಮೇಲೆ ಹಸಿರು ಪೆನ್ಸಿಲು ಎತ್ತಿಕೊಂಡು, "ಪಾರ್ಕು ಎಲ್ಲಿ?" ಎಂದರು.

"ಇಲ್ಲ ಸಾರ್."

"ಇರಲೇಬೇಕು. ರೂಲ್ಸು."

"ಹಾಗಾದ್ರೆ ಪೇಟೆ ಆಚೆ ಖಾಲಿ ಬಯಲಿದೆ ಸಾರ್."

"ಅಲ್ಲಿ ಬೇಡ ಅಂತ ನಿಮ್ಮ ಪ್ರೆಸಿಡೆಂಟ್ರು ಊಟಕ್ಕೆ ಕೂತಾಗ ಹೇಳಿದ್ರು. ಅವರು ಅಲ್ಲಿ ಸೈಟು ಮಾಡ್ತಾರಂತೆ" ಎಂದವರೇ ಹಿಂದಿನ ಬೀದಿಯ ಒಂದು ಮೂಲೆಗೆ ಪೆನ್ಸಿಲು ಇಟ್ಟರು. ನಾನು "ಸಾರ್, ಅಲ್ಲಿ ಮನೆಗಳಿವೆ" ಎನ್ನುವಷ್ಟರಲ್ಲಿ ಹಸಿರು ಬಳಿದುಬಿಟ್ಟರು.

ಆ ಮೂಲೆಯಲ್ಲಿ ಒಬ್ಬ ವಿಧವೆಯ ಮನೆಯಿತ್ತು. ಹಪ್ಪಳ, ಸಂಡಿಗೆ ಮಾಡಿ ಮಾರಿಕೊಂಡು ಒಬ್ಬಳೇ ಬದುಕುತ್ತಿದ್ದ ಹೆಂಗಸು. ಮಳೆಗಾಲ ಹತ್ತಿರ ಬಂದಿತ್ತು, ಹಿಂದಿನ ಗೋಡೆ ಕುಸಿದಿತ್ತು. ಗೋಡೆ ಎಬ್ಬಿಸಿ ಹೆಂಚು ಹೊದಿಸುವುದಕ್ಕೆ ಲೈಸೆನ್ಸು ಕೇಳಿಕೊಂಡು ಬಂದಳು. ಗುಮಾಸ್ತ ನಕ್ಷೆ ಬಿಡಿಸಿ ನೋಡಿ, "ಆಗಲ್ಲ ಕಣಮ್ಮ. ನಿಮ್ಮ ಮನೆ ಪಾರ್ಕಿನಲ್ಲಿದೆ" ಅಂದ.

"ಯಾವ ಪಾರ್ಕು?"

"ಮುಂದೆ ಆಗೋ ಪಾರ್ಕು."

"ಆಗೋ ಪಾರ್ಕಿಗೋಸ್ಕರ ಇರೋ ಗೋಡೆ ಬೀಳ್ಬೇಕಾ? ನಾನು ಮಳೇಲಿ ಎಲ್ಲಿ ಮಲಗ್ಲಿ ಹೇಳು."

ಗುಮಾಸ್ತ ನಕ್ಷೆಯನ್ನೇ ಅವಳ ಕಡೆ ತಿರುಗಿಸಿ ಹಿಡಿದ. ಅವನ ಹತ್ತಿರ ನಕ್ಷೆ ಮಾತ್ರ ಇತ್ತು. ಅವಳು ಕಣ್ಣೊರೆಸಿಕೊಂಡು ಹೋದಳು. ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ. ಆ ಹಸಿರು ಪೆನ್ಸಿಲಿಗೆ ಮೊನೆ ಮಾಡಿಕೊಟ್ಟವನು ನಾನೇ.

ಮಾರನೇ ದಿನ ಬಂದವಳು ಬೇರೆಯೇ ಹೆಂಗಸು. ಸೆರಗು ಸಿಕ್ಕಿಸಿಕೊಂಡು ನೇರವಾಗಿ ಚೀಫ್ ಆಫೀಸರರ ರೂಮಿಗೆ ನುಗ್ಗಿದಳು. "ಸ್ವಾಮಿ, ನಮ್ಮನೆ ಪಾರ್ಕು ಅಂದ್ರಂತೆ. ಆಗ್ಲಿ. ಮಾಲಿ ಎಲ್ಲಿ?"

"ಯಾವ ಮಾಲಿ?"

"ಪಾರ್ಕು ಅಂದ್ಮೇಲೆ ನೀರು ಹಾಕೋ ಮಾಲಿ ಬ್ಯಾಡ್ವಾ? ಎಲ್ಡು ದಾಸವಾಳದ ಗಿಡ ನೆಟ್ಟಿದೀನಿ, ಒಣಗ್ತಾವೆ. ಕಳಿಸಿ."

ಅವರು ಗದರಿಸಿ ಕಳಿಸಿದರು. ಅವಳು ಮಾರನೇ ದಿನವೂ ಬಂದಳು. ಅದರ ಮಾರನೇ ದಿನವೂ ಬಂದಳು. ಬರುವಾಗ ಬಾಡಿದ ದಾಸವಾಳ ತಂದು ಅವರ ಮೇಜಿನ ಮೇಲೆ ಇಟ್ಟು, "ನಿಮ್ಮ ಪಾರ್ಕಿನ ಹೂವು" ಅನ್ನುತ್ತಿದ್ದಳು. ಜನ ಕಿಟಕಿಯಲ್ಲಿ ನಿಂತು ನೋಡತೊಡಗಿದರು. ಚೀಫ್ ಆಫೀಸರ್ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಹಿಂದಿನ ಬಾಗಿಲಿನಿಂದ ತನಿಖೆಗೆ ಹೋಗುವುದಕ್ಕೆ ಶುರುಮಾಡಿದರು.

ಕೊನೆಗೆ ನಾನೂ ಗುಮಾಸ್ತನೂ ರೂಲ್ಸಿನ ಪುಸ್ತಕ ತಿರುವಿದೆವು. ಪಾರ್ಕಿನಲ್ಲಿ ಮನೆ ಕಟ್ಟುವ ಹಾಗಿಲ್ಲ, ಆದರೆ ಕಾವಲುಗಾರನಿಗೊಂದು ಕೊಠಡಿ ಕಟ್ಟಬಹುದು ಅಂತ ಇತ್ತು. ಸರಿ, ಅವಳ ಮನೆಯನ್ನೇ "ಪಾರ್ಕಿನ ಕಾವಲುಗಾರರ ಕೊಠಡಿ" ಎಂದು ಬರೆದು ಮಂಜೂರು ಮಾಡಿಸಿದೆವು. ಮಳೆ ಹಿಡಿಯುವ ಮೊದಲೇ ಗೋಡೆ ಎದ್ದಿತು, ಹೆಂಚು ಕೂತಿತು. ಅವಳು ನಮ್ಮಿಬ್ಬರಿಗೂ ಒಂದೊಂದು ಕಟ್ಟು ಹಪ್ಪಳ ತಂದುಕೊಟ್ಟಳು. ಅಂತೂ ಒಂದು ಒಳ್ಳೆಯ ಕೆಲಸ ಮಾಡಿದೆವು ಅಂತ ನಾವು ಬೀಗಿದೆವು.

ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಅಲ್ಲಾ, ಕಾವಲಿಗೆ ಇರೋಳು ನಾನು ತಾನೇ? ಸಂಬಳ ಒಂದನೇ ತಾರೀಕು ಕೊಡ್ತೀರೋ, ಐದನೇ ತಾರೀಕೋ?"

೪. ಕೆಂಪು ಗುರುತು

ತುರ್ತು ಪರಿಸ್ಥಿತಿಯ ಕಾಲ. ಪುರಸಭೆಯ ಮೆಂಬರುಗಳನ್ನೆಲ್ಲ ಮನೆಗೆ ಕಳಿಸಿ ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಿದ್ದರು. ಇನ್ನೂ ಮೀಸೆ ದಪ್ಪಗಾಗದ ಮನುಷ್ಯ. ಬಂದ ದಿನವೇ ಪೇಟೆ ರಸ್ತೆಯಲ್ಲಿ ನಿಂತು, "ಇದು ರಸ್ತೆನಾ, ಹಾವಾ? ನೇರ ಮಾಡಿ" ಎಂದರು. ಆಗ ಯಾರೂ ಯಾರನ್ನೂ ಯಾಕೆ ಅಂತ ಕೇಳುವ ಹಾಗಿರಲಿಲ್ಲ.

ರಸ್ತೆಗೆ ಅಡ್ಡ ಬರುವ ಕಟ್ಟಡಗಳಿಗೆಲ್ಲ ಕೆಂಪು ಬಣ್ಣದ ಗುರುತು ಹಾಕುವ ಕೆಲಸ ನನ್ನದು. ಹಾಕಿಕೊಂಡು ಬಂದೆ. ಬೆಳಗಾಗುವಷ್ಟರಲ್ಲಿ ಗುರುತುಗಳು ಓಡಾಡಿದ್ದವು. ಜವಳಿ ಅಂಗಡಿಯವನ ಗೋಡೆಯಲ್ಲಿದ್ದ ಗುರುತು ಅವನಿಗಾಗದ ದಿನಸಿ ಅಂಗಡಿಯವನ ಗೋಡೆಗೆ ಹೋಗಿತ್ತು. ಅಕ್ಕಿ ಗಿರಣಿಯವನ ಗುರುತು ಮಾಯವಾಗಿ, ಅವನ ಬೀಗರ ಮನೆಯ ಮೇಲೆ ಎರಡು ಮೂಡಿದ್ದವು. ಗುರುತನ್ನು ಅಳಿಸುವುದಕ್ಕೆ ಸುಣ್ಣವೂ ಇಲ್ಲದ ಒಂಬತ್ತು ಗೂಡಂಗಡಿಗಳವರು ಮಾತ್ರ ಗುರುತು ಇದ್ದ ಹಾಗೇ ಇಟ್ಟುಕೊಂಡಿದ್ದರು. ಆದ್ದರಿಂದ ಆ ಒಂಬತ್ತೂ ಮೊದಲು ಬಿದ್ದವು.

ಹತ್ತನೆಯದು ಒಬ್ಬ ಟೈಲರನದು. ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದ. ಕೂಗಾಡಲಿಲ್ಲ. ಆಡಳಿತಾಧಿಕಾರಿಗೆ ಕೈಮುಗಿದು, "ಸಾರ್, ಒಂದೇ ಮಾತು. ಅಳತೆ ಎಲ್ಲಿಂದ ಹಿಡಿದ್ರಿ?" ಎಂದ.

ಅವರು ನನ್ನನ್ನು ನೋಡಿದರು. ನಾನು ಟೇಪಿನ ಇನ್ನೊಂದು ತುದಿ ಹಿಡಿದಿದ್ದ ನಮ್ಮ ಆಫೀಸಿನ ದಫೇದಾರನನ್ನು ನೋಡಿದೆ. ನಿಜ ಹೇಳಬೇಕೆಂದರೆ, ಎದುರು ಸಾಲಿನ ಹೋಟೆಲಿನ ಮೆಟ್ಟಿಲಿಂದ ಹಿಡಿದಿದ್ದೆವು. ಆ ಮೆಟ್ಟಿಲನ್ನು ಹೋಟೆಲಿನವನು ವರ್ಷಕ್ಕೊಂದು ಅಡಿ ಮುಂದೆ ತರುತ್ತಿದ್ದ.

"ಸರ್ವೆ ಕಲ್ಲಿನಿಂದ ಹಿಡೀಬೇಕಲ್ವಾ ಸಾರ್?" ಅಂದ ಟೈಲರ್. "ಬಟ್ಟೆಗೂ ಭುಜದಿಂದಲೇ ಅಳತೆ ಹಿಡಿಯೋದು, ಜೇಬಿಂದ ಅಲ್ಲ."

ಸರಿ, ಸರ್ವೆ ಕಲ್ಲು ಹುಡುಕಿದೆವು. ರಸ್ತೆಯಲ್ಲೆಲ್ಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪತ್ತೆಯಾಯಿತು. ನಮ್ಮ ಆಫೀಸಿನ ಕಾಂಪೌಂಡಿನ ಒಳಗಿತ್ತು. ಅದರ ಮೇಲೆ ಜವಾನ ಆಡಳಿತಾಧಿಕಾರಿಯ ಬನಿಯನ್ನು ಕುಕ್ಕಿ ಕುಕ್ಕಿ ಒಗೆಯುತ್ತಿದ್ದ. ಬನಿಯನ್ನು ಪಕ್ಕಕ್ಕಿಡಿಸಿ, ಕಲ್ಲಿನಿಂದ ಟೇಪು ಎಳೆದೆವು. ಟೈಲರನ ಅಂಗಡಿ ರಸ್ತೆಗೆ ತಾಗಲೇ ಇಲ್ಲ. ಬಿದ್ದುಹೋದ ಒಂಬತ್ತೂ ತಾಗಿರಲಿಲ್ಲ. ಟೇಪು ಇನ್ನೊಂದು ದಿಕ್ಕಿಗೆ ಹೋಗಿ ಒಂದು ದೊಡ್ಡ ಕೊಠಡಿಯ ನಡುಮಧ್ಯ ನಿಂತಿತು.

"ಯಾರದ್ರೀ ಈ ರೂಮು? ನಾಳೆನೇ ಒಡೀರಿ!" ಎಂದು ಆಡಳಿತಾಧಿಕಾರಿ ಅಳತೆ ಪುಸ್ತಕದಿಂದ ತಲೆಯೆತ್ತದೆ ಗುಡುಗಿದರು.

"ತಮ್ಮದೇ ಸ್ವಾಮಿ" ಅಂದ ದಫೇದಾರ.

ರಸ್ತೆ ನೇರ ಮಾಡುವ ಕೆಲಸ ಅವತ್ತೇ ನಿಂತಿತು. ಟೈಲರ್ ಮಾತ್ರ ಬಿದ್ದ ಅಂಗಡಿಗಳ ಹಲಗೆಗಳನ್ನು ತೋರಿಸಿ, "ಅಳತೆ ತಪ್ಪಿದ್ರೆ ನಾನು ಹೊಲಿಗೆ ಬಿಚ್ಚಿ ಮತ್ತೆ ಹೊಲೀತೀನಿ ಸಾರ್. ನೀವೇನು ಮಾಡ್ತೀರಿ?" ಎಂದ. ಆ ಒಂಬತ್ತು ಜನ ತಮ್ಮ ಕೈಯಿಂದಲೇ ತಮ್ಮ ಗೂಡುಗಳನ್ನು ಮತ್ತೆ ನಿಲ್ಲಿಸಿಕೊಂಡರು.

ಆ ರಸ್ತೆ ಊರೆಲ್ಲ ಮೊದಲಿನ ಹಾಗೇ ಹಾವಿನಂತೆ ಬಂದು, ನಮ್ಮ ಆಫೀಸಿನ ಮುಂದೆ ಪೂರಾ ಸೊಂಟ ಬಗ್ಗಿಸುತ್ತಿತ್ತು. ಹೊಸಬರು ಯಾಕೆ ಹೀಗೆ ಅಂತ ಕೇಳಿದರೆ ನಮ್ಮ ಜವಾನ ಹೇಳುತ್ತಿದ್ದ: "ಸಾಹೇಬರಿಗೆ ಕೈಮುಗೀತಾ ಐತೆ ಸ್ವಾಮಿ. ಅಭ್ಯಾಸ."

೫. ಬಸ್ಸಿಲ್ಲದ ಬಸ್‌ಸ್ಟ್ಯಾಂಡು

ಹೊಸ ಬಸ್‌ಸ್ಟ್ಯಾಂಡು ಎಲ್ಲಿ ಆಗಬೇಕು ಎಂಬುದರ ಮೇಲೆ ಪುರಸಭೆ ಇಬ್ಭಾಗವಾಯಿತು. ಒಂದು ಗುಂಪು ತಮ್ಮ ಜಮೀನಿನ ಪಕ್ಕ ಅಂದಿತು, ಇನ್ನೊಂದು ಗುಂಪು ತಮ್ಮ ಜಮೀನಿನ ಪಕ್ಕ ಅಂದಿತು. ಇಬ್ಬರಿಗೂ ಬೇಜಾರಾಗದ ಹಾಗೆ, ಯಾರೂ ಹೋಗದ ಒಂದು ಕಡೆ ಕಟ್ಟಿದೆವು. ಊರಿನಿಂದ ಅಲ್ಲಿಗೆ ಹೋಗುವುದಕ್ಕೇ ಒಂದು ಬಸ್ಸು ಬೇಕಾಗಿತ್ತು.

ಬಸ್ಸುಗಳು ಯಥಾಪ್ರಕಾರ ಪೇಟೆಯ ಅರಳೀಮರದ ಕೆಳಗೇ ನಿಂತವು. ಬಸ್‌ಸ್ಟ್ಯಾಂಡಿನಲ್ಲಿ ಸುತ್ತಲಿನವರು ಕೊಬ್ಬರಿ ಒಣಗಿಸಿದರು. "ಹೆಂಗಸರ ವಿಶ್ರಾಂತಿ ಕೊಠಡಿ"ಯಲ್ಲಿ ಒಂದು ಎಮ್ಮೆ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಹೆಣ್ಣೆಮ್ಮೆಯೇ, ಆದ್ದರಿಂದ ನಾವು ಆಕ್ಷೇಪಣೆ ಮಾಡಲಿಲ್ಲ.

ಅಷ್ಟರಲ್ಲಿ ಜಿಲ್ಲಾ ಕೇಂದ್ರದಿಂದ ಕಾಗದ ಬಂತು: ಬಸ್‌ಸ್ಟ್ಯಾಂಡು ಜನರಿಗೆ ಎಷ್ಟು ಉಪಯೋಗವಾಗುತ್ತಿದೆ ಎಂದು ನೋಡುವುದಕ್ಕೆ ಸಾಹೇಬರು ಖುದ್ದಾಗಿ ಬರುತ್ತಾರೆ. ಆಫೀಸಿನಲ್ಲಿ ಜ್ವರ ಬಂದ ಹಾಗಾಯಿತು. ಪ್ರೆಸಿಡೆಂಟರು ಯೋಚನೆ ಮಾಡಿ, "ಬಸ್ಸು ತರೋದು ಕಷ್ಟ. ಜನರನ್ನ ತರೋದು ಸುಲಭ" ಎಂದರು.

ಸಂತೆಗೆ ಬಂದವರಲ್ಲಿ ಒಂದಷ್ಟು ಮಂದಿಯನ್ನು ಕಾಫಿ ತಿಂಡಿಯ ಆಸೆ ತೋರಿಸಿ ಲಾರಿಯಲ್ಲಿ ತುಂಬಿಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದೆವು. ಎಮ್ಮೆಯನ್ನು ಹೊರಗೆ ಕಟ್ಟಿದೆವು. ಎಲ್ಲರ ಕೈಗೂ ಒಂದೊಂದು ಚೀಲ ಕೊಟ್ಟೆವು. "ಯಾರಾದ್ರೂ ಕೇಳಿದ್ರೆ ಬಸ್ಸಿಗೆ ಕಾಯ್ತಾ ಇದೀವಿ ಅನ್ನಿ" ಎಂದು ಪಾಠ ಹೇಳಿದೆವು.

ಸಾಹೇಬರು ಹನ್ನೊಂದಕ್ಕೆ ಬರಬೇಕಾದವರು ಎರಡು ಗಂಟೆಗೆ ಬಂದರು. ಸಿಂಗಟಗೆರೆ ಕಡೆಯ ಒಬ್ಬ ತಾತನ ಮುಂದೆ ನಿಂತರು. ತಾತ ಶುಭ್ರವಾಗಿ ಪಂಚೆ ಉಟ್ಟು, ತಲೆಗೆ ವಲ್ಲಿ ಸುತ್ತಿ ಕೂತಿದ್ದ.

"ಏನಜ್ಜಾ, ಬಂದು ಎಷ್ಟು ಹೊತ್ತಾಯ್ತು?"

"ಒತ್ತಾರೆ ಎಂಟು ಗಂಟೆಗೇ ಬಂದಿವ್ನಿ ಬುದ್ಧೀ."

"ಅಲ್ಲಿಂದ ಕಾಯ್ತಾನೇ ಇದೀಯಾ?"

"ಊ ಬುದ್ಧೀ. ಮುಹೂರ್ತ ಆಯ್ತೋ ಇಲ್ವೋ ಒಬ್ರೂ ಹೇಳವಲ್ರು. ಗಂಡಿನ ಕಡೆಯೋರು ತಾವೇನಾ? ಊಟಕ್ಕೆ ಎಲೆ ಹಾಕ್ಸಿ, ಹೊಟ್ಟೆ ಹಸೀತೈತೆ."

ನಮ್ಮ ಪ್ರೆಸಿಡೆಂಟರ ಮುಖ ಸುಣ್ಣವಾಯಿತು. ಸಾಹೇಬರು ತಾತನನ್ನು ಒಮ್ಮೆ ನೋಡಿದರು, ಕಟ್ಟಿಹಾಕಿದ ಎಮ್ಮೆಯನ್ನು ಒಮ್ಮೆ ನೋಡಿದರು. ನೇರ ಹೋಗಿ ಜೀಪು ಹತ್ತಿದರು. ಇನ್ನು ನಮ್ಮ ಕತೆ ಮುಗಿಯಿತು ಅಂದುಕೊಂಡೆವು. ಹತ್ತು ದಿನಕ್ಕೆ ಅವರ ವರದಿ ಬಂತು. ಅದರಲ್ಲಿ ಹೀಗಿತ್ತು: "ನಿಲ್ದಾಣವು ಪ್ರಯಾಣಿಕರಿಂದ ತುಂಬಿರುತ್ತದೆ. ಬಸ್ಸುಗಳ ಬಗ್ಗೆ ಯಾರೊಬ್ಬರೂ ದೂರು ನೀಡಲಿಲ್ಲ. ಊಟದ ವ್ಯವಸ್ಥೆ ಇದ್ದರೆ ಉತ್ತಮ."

೬. ಬೆಳಗ್ಗೆ ಪಟ್ಟಣ, ಮಧ್ಯಾಹ್ನ ಹಳ್ಳಿ

ಎಂಬತ್ತರ ದಶಕದ ಕೊನೆ. ಮಂಡಲ ಪಂಚಾಯ್ತಿಗಳು ಬಂದಿದ್ದ ಹೊಸತು. ನನ್ನನ್ನು ಒಂದು ದೊಡ್ಡ ಊರಿನ ಮಂಡಲಕ್ಕೆ ಎರವಲು ಕಳಿಸಿದ್ದರು. ಆ ಊರು ಹಳ್ಳಿ ಅನ್ನುವುದಕ್ಕೆ ದೊಡ್ಡದು, ಪಟ್ಟಣ ಅನ್ನುವುದಕ್ಕೆ ಚಿಕ್ಕದು. ಬೇಸಿಗೆಯಲ್ಲಿ ಕುಡಿಯುವ ನೀರಿಲ್ಲ, ಮಳೆಗಾಲದಲ್ಲಿ ಬೀದಿಯಲ್ಲೆಲ್ಲ ಕೊಚ್ಚೆ.

ಸರ್ಕಾರದಲ್ಲಿ ಆಗ ಎರಡು ಯೋಜನೆಗಳಿದ್ದವು. ಹಳ್ಳಿಗಳಿಗೆ ಬೋರ್‌ವೆಲ್ ಕೊಡುವುದು ಒಂದು, ಸಣ್ಣ ಪಟ್ಟಣಗಳಿಗೆ ಸಿಮೆಂಟಿನ ಚರಂಡಿ ಕೊಡುವುದು ಇನ್ನೊಂದು. ಮಂಡಲದ ಪ್ರಧಾನರು ಎರಡಕ್ಕೂ ಅರ್ಜಿ ಹಾಕಿದರು. ಒಂದರಲ್ಲಿ "ನಮ್ಮದು ಬಡ ಹಳ್ಳಿ", ಇನ್ನೊಂದರಲ್ಲಿ "ನಮ್ಮದು ವೇಗವಾಗಿ ಬೆಳೆಯುತ್ತಿರುವ ಪಟ್ಟಣ". ಎರಡನ್ನೂ ಬರೆದುಕೊಟ್ಟವನು ನಾನೇ. ಒಂದೇ ಸಲ ಕೂತು, ಒಂದೇ ಪೆನ್ನಿನಲ್ಲಿ. ನೀರೂ ಬೇಕಾಗಿತ್ತು, ಚರಂಡಿಯೂ ಬೇಕಾಗಿತ್ತು, ಇದರಲ್ಲಿ ಸುಳ್ಳೇನು ಬಂತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸ್ಥಳ ನೋಡುವುದಕ್ಕೆ ಇಬ್ಬರು ಆಫೀಸರುಗಳೂ ಒಂದೇ ಬುಧವಾರ ಬರುವುದಾಗಿ ಕಾಗದ ಬರೆದರು. ಚರಂಡಿಯವರು ಬೆಳಗ್ಗೆ, ಬೋರ್‌ವೆಲ್‌ನವರು ಮಧ್ಯಾಹ್ನ. ನಾನು ಹೆದರಿದೆ. ಪ್ರಧಾನರು ಹೆದರಲಿಲ್ಲ. "ಹನ್ನೆರಡರ ತನಕ ಪಟ್ಣ, ಉಂಡ ಮ್ಯಾಲೆ ಹಳ್ಳಿ. ಏನು ಮಹಾ?" ಎಂದರು.

ಬುಧವಾರ ಬೆಳಗ್ಗೆ ಊರು ಪಟ್ಟಣವಾಯಿತು. ದನಗಳನ್ನೆಲ್ಲ ಕೆರೆ ಹಿಂದಕ್ಕೆ ಅಟ್ಟಿದೆವು. ಹುಲ್ಲಿನ ಬಣವೆಗಳಿಗೆ ತಾಡಪಾಲು ಹೊದಿಸಿದೆವು. ಕ್ಷೌರದವನ ಬಾಗಿಲಿಗೆ "ಸೆಲೂನ್" ಅಂತ ಬೋರ್ಡು, ಪ್ರಧಾನರ ಷಡ್ಡಕನ ಮನೆಗೆ "ಲಾಡ್ಜ್" ಅಂತ ಬೋರ್ಡು. ಜಗಲಿಯ ಮೇಲೆ ಕೂತವರನ್ನು ಪ್ರಧಾನರು ಎಬ್ಬಿಸಿ, "ಪಟ್ಣದೋರು ಹಿಂಗೆ ಕೂತ್ಕೊಳ್ಳಲ್ಲ ಕಣ್ರೋ, ಏನೋ ಅವಸರ ಇದ್ದಂಗೆ ಓಡಾಡ್ರಿ" ಅಂದರು. ಪಾಪ, ಜನ ಎಲ್ಲಿಗೆ ಅಂತ ಗೊತ್ತಿಲ್ಲದೆ ಬೀದಿಯ ಆ ತುದಿಯಿಂದ ಈ ತುದಿಗೆ ಓಡಾಡಿದರು. ಇಬ್ಬರು ಡಿಕ್ಕಿ ಹೊಡೆದುಕೊಂಡರು.

ಹನ್ನೆರಡಾದರೂ ಚರಂಡಿ ಸಾಹೇಬರು ಬರಲಿಲ್ಲ. ಒಂದಾಯಿತು. ಇನ್ನು ಬರುವುದಿಲ್ಲ ಅಂದುಕೊಂಡು ಪ್ರಧಾನರು, "ಹಳ್ಳಿ ಮಾಡ್ರೋ!" ಎಂದು ಕೂಗಿದರು. ಅರ್ಧ ದನ ಬೀದಿಗೆ ಬಂದಿದ್ದವು, ತಾಡಪಾಲು ಕಿತ್ತಾಗಿತ್ತು, ಬೋರ್ಡುಗಳನ್ನು ಇಳಿಸುವುದಕ್ಕೆ ಏಣಿ ಹುಡುಕುತ್ತಿದ್ದೆವು. ಆಗ ರೈಲ್ವೆ ಗೇಟಿನ ಕಡೆಯಿಂದ ಧೂಳೆದ್ದಿತು. ಒಂದರ ಹಿಂದೆ ಒಂದು, ಎರಡು ಜೀಪು. ಗೂಡ್ಸ್ ಗಾಡಿ ಕೆಟ್ಟು ನಿಂತು ಗೇಟು ತೆರೆಯದೇ ಇದ್ದುದರಿಂದ ಬೆಳಗಿನವರು ಅಲ್ಲೇ ಸಿಕ್ಕಿಹಾಕಿಕೊಂಡು, ಮಧ್ಯಾಹ್ನದವರ ಜೊತೆಗೇ ಬಂದಿದ್ದರು.

ಬೋರ್‌ವೆಲ್ ಸಾಹೇಬರು ಇಳಿದವರೇ "ಲಾಡ್ಜ್" ಬೋರ್ಡನ್ನು ಓದಿದರು. ಅವರ ಮುಖ ಅರಳಿತು. "ಇದು ಪಟ್ಟಣ. ಲಾಡ್ಜ್ ಇದೆ, ಸೆಲೂನ್ ಇದೆ. ನಮಗೆ ಬರೋದಿಲ್ಲ" ಎಂದು ಪೆನ್ನಿನ ಮುಚ್ಚಳ ತೆಗೆದರು.

ಚರಂಡಿ ಸಾಹೇಬರು ಲಾಡ್ಜ್‌ನ ಕಿಟಕಿಯಿಂದ ತಲೆ ಹಾಕಿದ್ದ ಒಂದು ಕರುವನ್ನು ನೋಡಿದರು. ಅವರ ಮುಖವೂ ಅರಳಿತು. "ಏನ್ರೀ ಪಟ್ಟಣ? ಅಪ್ಪಟ ಹಳ್ಳಿ. ನಮಗೆ ಬರೋದಿಲ್ಲ, ನಿಮ್ಮದೇ."

"ನಮ್ಮದಲ್ಲ ಸ್ವಾಮಿ, ನಿಮ್ಮದು."

ಕೊಡುವ ವಿಷಯಕ್ಕೆ ಬಂದರೆ ನಮ್ಮ ಇಲಾಖೆಗಳಷ್ಟು ದಾಕ್ಷಿಣ್ಯದವರು ಇನ್ನಿಲ್ಲ. ನೀವು ಮೊದಲು, ನೀವು ಮೊದಲು ಎಂದು ಅರ್ಧ ಗಂಟೆ ಬಿಸಿಲಿನಲ್ಲಿ ನಿಂತು ಉಪಚಾರ ಮಾಡಿದರು. ಪ್ರಧಾನರು ಒಮ್ಮೆ ಇವರ ಕಡೆ ತಿರುಗಿ "ಪಟ್ಣ ಸಾರ್" ಎನ್ನುತ್ತಿದ್ದರು, ಒಮ್ಮೆ ಅವರ ಕಡೆ ತಿರುಗಿ "ಹಳ್ಳಿ ಸಾರ್" ಎನ್ನುತ್ತಿದ್ದರು, ಕೊನೆಗೆ ತಲೆಸುತ್ತು ಬಂದು ಜಗಲಿಯ ಮೇಲೆ ಕೂತುಬಿಟ್ಟರು. ಆ ಊರಿಗೆ ಆಮೇಲೆ ಬೋರ್‌ವೆಲ್ಲೂ ಬರಲಿಲ್ಲ, ಚರಂಡಿಯೂ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಸಾಹೇಬರಿಬ್ಬರೂ ಇನ್ನೂ ವಾದ ಮಾಡುತ್ತಿರುವಾಗಲೇ ಒಬ್ಬ ಮುದುಕಿ ಮಂಕರಿ ತುಂಬ ಸಗಣಿ ಹೊತ್ತು ಬಂದು, ಲಾಡ್ಜ್‌ನ ಗೋಡೆಗೆ ಪಟಪಟನೆ ಬೆರಣಿ ತಟ್ಟುವುದಕ್ಕೆ ಶುರುಮಾಡಿದಳು. ಬೋರ್‌ವೆಲ್ ಸಾಹೇಬರು, "ಈ ಊರಿನವಳನ್ನೇ ಕೇಳೋಣ" ಎಂದು ಅವಳ ಹತ್ತಿರ ಹೋದರು.

"ಅಜ್ಜೀ, ನಿಜ ಹೇಳು. ಇದು ಹಳ್ಳಿನೋ, ಪಟ್ಣನೋ?"

ಮುದುಕಿ ಕೈ ನಿಲ್ಲಿಸಿ ಇಬ್ಬರು ಸಾಹೇಬರನ್ನೂ, ಜಗಲಿಯ ಮೇಲಿದ್ದ ಪ್ರಧಾನರನ್ನೂ ನೋಡಿದಳು.

"ಒತ್ತಾರೆ ಪಟ್ಣ ಆಗಿತ್ತು ಕಣಪ್ಪಾ. ಬೆರಣಿ ತಟ್ಟಬ್ಯಾಡ ಅಂತ ಮಂಕರಿ ಕಿತ್ಕೊಂಡ್ರು. ಈಗ ಹಳ್ಳಿ ಆಯ್ತು, ತಟ್ಕೋ ಅಂತ ವಾಪಸ್ ಕೊಟ್ರು. ನೀವು ದೊಡ್ಡೋರು, ಏನು ಮಾಡ್ತೀರೋ ಮಾಡ್ಕಳಿ, ಬಿರ್ರನೆ ಒಂದು ತೀರ್ಮಾನಕ್ಕೆ ಬನ್ನಿ. ಸಗಣಿ ಒಣಗ್ತಾ ಐತೆ."